ಕಿವಿಗೆ ಐದು ತೂತು

ಅವರ ಮಣ್ಣಿಗೆ ಹೋಗಿ ಬಂದು ಇವತ್ತಿಗೆ ಹದಿನೇಳು ದಿನ. ಹೆಸರು ಬರೆಯುವುದಿಲ್ಲ. ಬರೆದರೆ ಅವರನ್ನು ಬಲ್ಲ ನಾಲ್ಕು ಜನ ಬಂದು ‘ಅದು ಹಾಗಲ್ಲ, ಹೀಗೆ’ ಎಂದು ತಿದ್ದುತ್ತಾರೆ. ತಿದ್ದಿದ್ದೇ ಸರಿ ಎಂದು ನಾನು ಒಪ್ಪಿಕೊಂಡೂ ಬಿಡುತ್ತೇನೆ. ನನ್ನ ನೆನಪಿನ ಮೇಲೆ ನನಗೆ ಅಷ್ಟು ಭರವಸೆಯಿಲ್ಲ. ಅವರ ವಿಷಯದಲ್ಲಂತೂ ಏನೇನೂ ಇಲ್ಲ.

ತೊಂಬತ್ತರ ದಶಕದಲ್ಲಿ ಕಮಲಾಪುರದ ಹೈಸ್ಕೂಲಿನಲ್ಲಿ ಅವರು ಗಣಿತ ಕಲಿಸುತ್ತಿದ್ದರು. ಸಮಾಜಶಾಸ್ತ್ರದಲ್ಲಿ ಎಂ.ಎ. ಮಾಡಿ, ಜಗತ್ತಿನ ಎಲ್ಲ ನಂಬಿಕೆಗಳಿಗೂ ಕಾರಣ ಗೊತ್ತಿದೆ ಎಂಬ ಮುಖ ಹೊತ್ತುಕೊಂಡು ನಾನು ಅಲ್ಲಿಗೆ ಸಮಾಜ ವಿಜ್ಞಾನ ಕಲಿಸಲು ಹೋಗಿದ್ದೆ. ಇಬ್ಬರದೂ ಮನೆ ಕಲಬುರಗಿಯಲ್ಲಿ, ಅಂದರೆ ಸರಕಾರಿ ಕಾಗದದ ಗುಲ್ಬರ್ಗದಲ್ಲಿ. ಅವರದು ಕೋಟೆಯ ಹಿಂದಿನ ಓಣಿ. ಕಮಲಾಪುರಕ್ಕೆ ಹೆಚ್ಚೂಕಡಿಮೆ ಒಂದು ತಾಸಿನ ದಾರಿ, ಆ ದಾರಿಯುದ್ದಕ್ಕೂ ಹೈದರಾಬಾದಿನ ಕಡೆಯ ಲಾರಿಗಳು. ನಾನು ಬಸ್ಸಿನಲ್ಲಿ ಹೋಗುತ್ತಿದ್ದೆ, ಅವರು ಸ್ಕೂಟರಿನಲ್ಲಿ. ನನ್ನ ಬಸ್ಸು ವಾರಕ್ಕೆ ಎರಡು ಸಲವಾದರೂ ತಡವಾಗುತ್ತಿತ್ತು. ಅವರು ಒಮ್ಮೆಯೂ ತಡವಾಗಿ ಬಂದದ್ದನ್ನು ಯಾರೂ ಕಂಡಿರಲಿಲ್ಲ.

ಆ ಸ್ಕೂಟರು, ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕಾಗಿದ್ದ ಕಾಲದ್ದು. ಅದರ ಆರು ವೋಲ್ಟಿನ ದೀಪ ಗಾಡಿ ನಿಧಾನವಾದರೆ ತಾನೂ ನಿದ್ದೆ ಹೋಗುತ್ತಿತ್ತು. ಅವರು ಅದನ್ನು ಹನ್ನೆರಡು ವೋಲ್ಟಿಗೆ ಬದಲಾಯಿಸಿದರು. ಹಿಂದಿನ ಬ್ರೇಕನ್ನು ಬಿಚ್ಚಿಸಿ ಹೊಸದು ಹಾಕಿಸಿದರು. ಕನ್ನಡಿಗಳನ್ನು ತಲೆ ಬಾಚಲು ಮಾತ್ರ ಬಳಸುತ್ತಿದ್ದ ಊರಿನಲ್ಲಿ ಎರಡೂ ಬದಿಗೆ ಕನ್ನಡಿ ಕೂಡಿಸಿದರು. ಮಳೆಗಾಲದಲ್ಲಿ ಎರೆಮಣ್ಣು ಮಡ್‌ಗಾರ್ಡಿಗೆ ಮೆತ್ತಿ ಚಕ್ರ ತಿರುಗದಂತಾಗುತ್ತದಲ್ಲ, ಅದನ್ನು ಕೆರೆದು ತೆಗೆಯಲು ಕಳೆ ಕೀಳುವ ಖುರಪಿಯೊಂದನ್ನು ಸೀಟಿನ ಕೆಳಗೆ ಕಟ್ಟಿಕೊಂಡಿದ್ದರು. ನೆಹರು ಗಂಜಿನ ಹಿಂದೆ ಅವರ ಮೆಕ್ಯಾನಿಕ್ ಒಬ್ಬನಿದ್ದ. ಒಂದು ಭಾನುವಾರ ನಾನೂ ಜೊತೆಗೆ ಹೋಗಿದ್ದಾಗ ಅವನು ಸ್ಪ್ಯಾನರು ಕೆಳಗಿಟ್ಟು ಹೇಳಿದ:

“ಮಾಸ್ಟರ್ ಸಾಬ್, ಈ ಗಾಡಿಗಿ ರೆಕ್ಕಿ ಒಂದು ಕೂಡಿಸಾದು ಬಾಕಿ ಅದ ನೋಡ್ರಿ. ಹೇಳ್ರಿ, ಅದೂ ಕೂಡಿಸಿಬಿಡ್ತೀನಿ.”

“ರೆಕ್ಕಿ ಬ್ಯಾಡ ಉಸ್ತಾದ್. ಆ ಬ್ರೇಕಿನ ವೈರ್ ಇನ್ನೊಮ್ಮಿ ಬಿಗಿ.”

ಮುಂದೆ ಗಾಳಿ ತಡೆಯುವ ದೊಡ್ಡ ಗಾಜು ಹಾಕಿಸಿಕೊಳ್ಳಿ, ಚಳಿಗೆ ಒಳ್ಳೆಯದು ಎಂದು ಅವನೇ ಹೇಳಿದ. ಅವರು ಆ ಗಾಜನ್ನು ಕೈಯಲ್ಲಿ ಹಿಡಿದು, ಅಂಚನ್ನು ಬೆರಳಿನಿಂದ ಸವರಿ, ವಾಪಸು ಕೊಟ್ಟರು. ಆಮೇಲೆ ನನ್ನ ಕಡೆ ತಿರುಗಿ ಒಂದು ಮಾತು ಹೇಳಿದರು. ಎಷ್ಟೋ ಸಲ ಹೇಳಿದ್ದರಿಂದ ಇದೊಂದನ್ನು ಮಾತ್ರ ಅಕ್ಷರ ತಪ್ಪದೆ ಬರೆಯುತ್ತಿದ್ದೇನೆ ಎಂಬ ಧೈರ್ಯ ನನಗಿದೆ.

“ಗಾಡಿಗಿ ಏನ ಹಾಕ್ರಿ, ಮೈಗಿ ಏನ ತೊಡ್ರಿ, ಮೊದಲ ಒಂದೇ ಪ್ರಶ್ನಿ ಕೇಳ್ರಿ. ಇದು ಬಿದ್ದಾಗ ನನಗ ಏನ್ ಮಾಡ್ತದ? ಓಡಾಗ ಅಲ್ರೀ. ಬಿದ್ದಾಗ.”

ನಾನೂ ಹಳೆಯ ಸ್ಕೂಟರೊಂದನ್ನು ಕೊಳ್ಳಬೇಕೆಂದು ಯೋಚಿಸುತ್ತಿದ್ದ ದಿನಗಳವು. ಗಾಡಿಗಿಂತ ಮೊದಲು ಮಳೆಯಂಗಿ ಕೊಳ್ಳಿರಿ ಎಂದು ಸೂಪರ್ ಮಾರ್ಕೆಟ್ಟಿನ ಒಂದು ಅಂಗಡಿಗೆ ಕರೆದುಕೊಂಡು ಹೋದರು. ಅಂಗಡಿಯವನು ಮೊಣಕಾಲಿನ ಕೆಳಗೆ ಇಳಿಯುವ ಉದ್ದನೆಯ ಕೋಟು ತೋರಿಸಿದ. ಅವರು ಅದನ್ನು ತೊಟ್ಟು, ಅಲ್ಲಿದ್ದ ಸ್ಟೂಲಿನ ಮೇಲೆ ಸ್ಕೂಟರಿನ ಮೇಲೆ ಕೂತಂತೆ ಕೂತು, ಎರಡೂ ಕೈ ಮುಂದೆ ಚಾಚಿ ಇಲ್ಲದ ಹ್ಯಾಂಡಲ್ ಹಿಡಿದರು. ಗಂಭೀರವಾಗಿ ಎಡಕ್ಕೆ ತಿರುಗಿದರು. ಬಲಕ್ಕೆ ತಿರುಗಿದರು. ಕಾಲಿನಿಂದ ಇಲ್ಲದ ಬ್ರೇಕನ್ನು ಒತ್ತಿದರು.

“ಮದುವಿ ಸೂಟ್ ಹೊಲಸಾಕ ಬಂದೀರೇನ್ರೀ ಸರ?” ಎಂದ ಅಂಗಡಿಯವನು.

“ಮದುವಿಗಿ ಇಷ್ಟ್ ನೋಡಿದ್ದಿಲ್ರೀ,” ಎಂದು ಅವನಿಗೆ ಹೇಳಿ, ನನ್ನ ಕಡೆ ತಿರುಗಿದರು: “ನೀವು ಕೆಳಗ ಕುಂದರ್ರಿ. ತುದಿ ಎಲ್ಲಿ ಬೀಳತದ ನೋಡ್ರಿ.”

ನಾನು ಅಂಗಡಿಯ ನೆಲದ ಮೇಲೆ ಕುಕ್ಕುರುಗಾಲಲ್ಲಿ ಕೂತು ನೋಡಿದೆ. ಕೋಟಿನ ಎಡತುದಿ ಸ್ಟೂಲಿನ ಹಿಂದಿನ ಕಾಲಿನ ಹತ್ತಿರ ತೂಗಾಡುತ್ತಿತ್ತು.

“ಹಿಂದಿನ ಗಾಲಿ ಹತ್ರ ಬೀಳಾಕತ್ತದ,” ಎಂದೆ.

“ಹಾಂ. ಗಾಲಿ ಅದನ್ನ ಒಮ್ಮಿ ಹಿಡೀತಂದ್ರ ಬಿಡಲ್ಲ. ಅಂಗಿ ಬ್ಯಾರೆ, ಪ್ಯಾಂಟ್ ಬ್ಯಾರೆ ಇರಾದು ತಗೋರಿ.”

ತೆಗೆದುಕೊಂಡೆ. ಇಷ್ಟು ವಿವರವಾಗಿ ಇದನ್ನು ಬರೆಯುವುದಕ್ಕೆ ಕಾರಣವಿದೆ. ತುದಿ ಎಲ್ಲಿ ಬೀಳುತ್ತದೆ ಎಂದು ನೋಡುವುದನ್ನು ನನಗೆ ಅವರೇ ಕಲಿಸಿದ್ದರು. ನೋಡಲು ಬಾರದಿದ್ದವನು ನಾನಲ್ಲ.

ಬೇಸಿಗೆಯಲ್ಲಿ ಅವರು ಒದ್ದೆ ಟವೆಲನ್ನು ತಲೆಗೆ ಸುತ್ತಿ ಅದರ ಮೇಲೆ ಹೆಲ್ಮೆಟ್ ಹಾಕುತ್ತಿದ್ದರು. ಜೇಬಿನಲ್ಲಿ ಉಷ್ಣ ಬಡಿಯದಿರಲೆಂದು ಒಂದು ಉಳ್ಳಾಗಡ್ಡಿ. ಉಳ್ಳಾಗಡ್ಡಿಗೂ ಬಿಸಿಲಿಗೂ ಸಂಬಂಧ ಏನು ಎಂದು ನಾನು ವಾದಕ್ಕಿಳಿದರೆ, “ಸಂಬಂಧ ಇಲ್ಲಂದ್ರ ಮಧ್ಯಾಹ್ನ ರೊಟ್ಟಿ ಜೋಡಿ ತಿಂತೀನಿ. ನಿಮ್ಮ ಎಂ.ಎ. ತಿನ್ನಾಕ ಬರ್ತದೇನು?” ಎನ್ನುತ್ತಿದ್ದರು. ಚಳಿಗಾಲದಲ್ಲಿ ಅಂಗಿಯೊಳಗೆ ಹಿಂದಿನ ದಿನದ ಪೇಪರಿನ ನಾಲ್ಕು ಹಾಳೆ. ಮೊದಲ ತರಗತಿಯಲ್ಲಿ ಬೋರ್ಡಿನ ಮೇಲೆ ಕೈಯೆತ್ತಿದಾಗಲೆಲ್ಲ ಎದೆಯಲ್ಲಿ ಪೇಪರು ಸದ್ದು ಮಾಡುತ್ತಿತ್ತು. ಹುಡುಗರು ನಗುತ್ತಿದ್ದರು. ಅವರಿಗೂ ಅದು ಗೊತ್ತಿತ್ತು, ಆದರೂ ಎರಡನೆಯ ತರಗತಿಯವರೆಗೆ ತೆಗೆಯುತ್ತಿರಲಿಲ್ಲ. ಮೈ ಬೆಚ್ಚಗಾಗಲು ಅಷ್ಟು ಹೊತ್ತು ಬೇಕು ಎನ್ನುತ್ತಿದ್ದರು.

ಆ ಹೆಲ್ಮೆಟ್ಟಿನಿಂದ ಅವರಿಗೆ ಒಂದು ಅಡ್ಡಹೆಸರು ಬಂದಿತ್ತು: ಗಡಗಿ ಸರ. ಕಮಲಾಪುರಕ್ಕೆ ಬರುವ ಯಾರೂ ಆಗ ಹೆಲ್ಮೆಟ್ ಹಾಕುತ್ತಿರಲಿಲ್ಲ. ಇದು ಮುಖವನ್ನೂ ಮುಚ್ಚುವಂಥದ್ದು, ಬಿಳಿಯದು, ನಿಜವಾಗಿಯೂ ಬೋರಲು ಹಾಕಿದ ಗಡಿಗೆಯ ಹಾಗೇ ಇತ್ತು. ಅದನ್ನು ತೊಟ್ಟ ಮೊದಲ ವಾರವೇ ಒಂದು ತಕರಾರು ಬಂತು. ಊರಿನ ಚಹಾದ ಹೋಟೆಲಿನ ಮುಂದೆ ಕೂರುವ ಹಿರಿಯರಲ್ಲಿ ಒಬ್ಬರು ಶಾಲೆಗೇ ಬಂದರು.

“ಏನ್ರೀ ಸರ, ತಲಿಗಿ ಗಡಗಿ ಹಾಕ್ಕೊಂಡ ಮ್ಯಾಲ ನಾವು ಕಾಣವಲ್ಲೆವೇನು? ಶರಣ್ರೀ ಅಂದ್ರ ಬರ್ರ್ ಅಂತ ಹೋಗೇಬಿಡ್ತೀರಿ!”

ಅವರು ತುಂಬ ನೊಂದುಕೊಂಡರು. ಕೇಳಿಸಿರಲಿಲ್ಲ, ಅಷ್ಟೆ. ಮರುದಿನ ನೋಡಿದರೆ ಹೆಲ್ಮೆಟ್ಟಿನ ಎರಡೂ ಬದಿಗೆ, ಸರಿಯಾಗಿ ಕಿವಿಯ ಜಾಗದಲ್ಲಿ, ಐದೈದು ತೂತುಗಳು. ನಡುವೆ ಒಂದು, ಸುತ್ತ ನಾಲ್ಕು. ಕಾದ ಮೊಳೆಯಿಂದ ಕೊರೆದಿದ್ದರು.

“ತೂತು ಹಾಕಿದ್ರ ಅದರ ಗಟ್ಟಿತನ ಹೋಗ್ತದಲ್ರೀ,” ಎಂದೆ. “ಬಿದ್ದಾಗ ಏನ್ ಮಾಡ್ತದ ಅಂತ ಕೇಳ್ರಿ ಅಂತ ನೀವೇ ಅಂತೀರಿ.”

“ಕೇಳೀನ್ರೀ,” ಎಂದರು. “ಆದ್ರ ನಾ ಬೀಳಾದು ಯಾವಾಗೋ ಒಮ್ಮಿ. ಇವ್ರು ಶರಣು ಅನ್ನಾದು ದಿನಾ. ದಿನಾ ಕಿವುಡ ಆಗಾಕ ನನ್ನಿಂದ ಆಗಲ್ಲ.”

ಅಂದಿನಿಂದ ಅವರು ಊರೊಳಗೆ ಬರುವಾಗ ಎಡಗೈ ಎದೆಗೆ ಮುಟ್ಟಿಸುತ್ತ, ತಲೆಯನ್ನು ಒಂದಿಷ್ಟು ಬಾಗಿಸುತ್ತ ಬರುತ್ತಿದ್ದರು. ಬಿಳಿಯ ಗಡಿಗೆಯೊಂದು ಬೀದಿಯುದ್ದಕ್ಕೂ ಶರಣು ಹೇಳುತ್ತ ಹೋದ ಹಾಗೆ ಕಾಣುತ್ತಿತ್ತು.

ಇಷ್ಟೆಲ್ಲ ಲೆಕ್ಕದ ಮನುಷ್ಯನಿಗೆ ಒಂದು ಹುಚ್ಚಿತ್ತು. ಹೊರಟಾಗ ಹಿಂದಿನಿಂದ ಯಾರೂ ಕರೆಯಬಾರದು. ನನಗೆ ಇದು ಗೊತ್ತಿರಲಿಲ್ಲ. ಒಂದು ಸಂಜೆ ಅವರು ಊಟದ ಡಬ್ಬಿ ಬಿಟ್ಟು ಹೊರಟಿದ್ದರು. ನಾನು ಗೇಟಿನಿಂದ “ಸರ, ಡಬ್ಬಿ!” ಎಂದು ಕೂಗಿದೆ. ಗಾಡಿ ನಿಂತಿತು. ಅವರು ಇಳಿದು ಸ್ಟ್ಯಾಂಡ್ ಹಾಕಿದರು. ಹೆಲ್ಮೆಟ್ ತೆಗೆದರು. ಕೈಗವಸು ಒಂದೊಂದಾಗಿ ಬಿಚ್ಚಿದರು. ಸ್ಟಾಫ್ ರೂಮಿಗೆ ವಾಪಸು ಬಂದು, ಕುರ್ಚಿಯ ಮೇಲೆ ಕೂತು, ಒಂದು ಲೋಟ ನೀರು ತರಿಸಿ ಕುಡಿದು, ಐದು ನಿಮಿಷ ಗೋಡೆ ನೋಡುತ್ತ ಕೂತರು. ಉಳಿದವರೆಲ್ಲ ನನ್ನನ್ನು ನೋಡಿ ನಗುತ್ತಿದ್ದರು.

“ಹೊಂಟವರಿಗಿ ಹಿಂದಿಂದ ಕರೀಬಾರದು ಅಂತ ಯೂನಿವರ್ಸಿಟ್ಯಾಗ ಕಲಸಲಿಲ್ಲೇನ್ರೀ?” ಎಂದು ಅವರೇ ಕೊನೆಗೆ ಕೇಳಿದರು.

“ನೀವು ಇದನ್ನೆಲ್ಲ ನಂಬ್ತೀರಾ ಸರ?”

“ನಂಬಾದಲ್ರೀ. ಹೊಳ್ಳಿ ನೋಡಿದ್ರ ಮುಂದಿನ ಲಾರಿ ಕಾಣಲ್ಲ. ಹಿಂದ ನೋಡಾಕ ಕನ್ನಡಿ ಅವ.”

“ಮತ್ತ ನೀರು ಯಾಕ ಕುಡೀತೀರಿ?”

ಅವರು ಲೋಟ ಬೋರಲು ಹಾಕಿ, ಡಬ್ಬಿ ತೆಗೆದುಕೊಂಡು ಎದ್ದರು. ಆಮೇಲೆ ಎಷ್ಟೋ ದಿನ ಸ್ಟಾಫ್ ರೂಮಿನಲ್ಲಿ ಯಾರು ಎದ್ದು ಹೊರಟರೂ, “ಎಂ.ಎ. ಸಾಹೇಬ್ರ, ಕರೀಬ್ಯಾಡ್ರಿ ಮತ್ತ!” ಎಂದು ಉಳಿದವರು ನನ್ನನ್ನು ಕಾಡಿಸುತ್ತಿದ್ದರು. ನಾನೂ ನಗುತ್ತಿದ್ದೆ. ಒಳಗೆ ಚುಚ್ಚುತ್ತಿತ್ತು.

ಅಂಗಿಯೊಳಗೆ ಪೇಪರು ಇಡುವಂಥ ಒಂದು ಚಳಿಗಾಲದ ಜನವರಿ ಇಪ್ಪತ್ತಾರು. ಬಾವುಟ ಏರಿಸಿ, ಹುಡುಗರಿಗೆ ಬೂಂದಿ ಹಂಚಿ ಆದ ಮೇಲೆ, ಒಂದು ದಿನವೂ ತಡ ಮಾಡದ ಮಾಸ್ತರರೆಂದು ಊರವರು ಅವರಿಗೆ ಸನ್ಮಾನ ಮಾಡಿದರು. ಶಾಲಾ ಕಮಿಟಿಯ ಅಧ್ಯಕ್ಷರು, ನಡುಗುವ ಕೈಯ ಮುದುಕರು, ತಾವೇ ಶಾಲು ಹೊದಿಸಿದರು. ಅದು ಕಡುಗೆಂಪು ಶಾಲು, ಜರಿ ಅಂಚಿನದು. ಹಾಗೆಂದು ನನ್ನ ನೆನಪು.

ಕಾರ್ಯಕ್ರಮ ಮುಗಿದು ಎಲ್ಲರೂ ಗೇಟಿನ ಹತ್ತಿರ ನಿಂತಿದ್ದೆವು. ಅವರು ಸ್ಕೂಟರಿನ ಹತ್ತಿರ ಹೋಗಿ ಶಾಲು ತೆಗೆದು ಮಡಚತೊಡಗಿದರು.

“ಏನ್ರೀ ಸರ,” ಎಂದರು ಅಧ್ಯಕ್ಷರು, “ನಾ ಹೊಚ್ಚಿದ್ದು ಇನ್ನ ಬೆಚ್ಚಗ ಆಗಿಲ್ಲ, ಆಗಲೇ ತಗ್ಯಾಕತ್ತೀರಿ? ಊರ ದಾಟೋತನಕರ ಇರಲ್ರೀ. ಮಂದಿ ನೋಡಲಿ.”

ಅವರು ಒಂದು ಕ್ಷಣ ಕೈಯಲ್ಲಿದ್ದ ಶಾಲನ್ನು ನೋಡಿದರು. ಬಿದ್ದಾಗಿನ ಆ ಪ್ರಶ್ನೆ ಅವರ ಮನಸ್ಸಿನಲ್ಲಿ ಹಾದು ಹೋಗಿರಲೇಬೇಕು. ಆದರೆ ಎದುರಿಗೆ ನಿಂತಿದ್ದವರು ಆ ಮುದುಕರು. ದಿನಾ ಶರಣು ಹೇಳುವವರ ಮನಸ್ಸು ನೋಯಬಾರದೆಂದು ಹೆಲ್ಮೆಟ್ಟಿಗೆ ತೂತು ಕೊರೆದವರು ಅವರಿಗೆ ಹೇಗೆ ಇಲ್ಲ ಎಂದಾರು? ನಕ್ಕು, ಶಾಲನ್ನು ಮತ್ತೆ ಹೊದ್ದು, ಒಂದು ತುದಿಯನ್ನು ಕುತ್ತಿಗೆಗೆ ಸುತ್ತಿ, ಇನ್ನೊಂದನ್ನು ತೊಡೆಯ ಕೆಳಗೆ ಹಾಕಿ ಕೂತರು. ಹೆಲ್ಮೆಟ್ ಹಾಕಿದರು. ಒಂದೇ ಕಿಕ್ಕಿಗೆ ಗಾಡಿ ಎದ್ದಿತು. ಅಧ್ಯಕ್ಷರಿಗೆ ಎಡಗೈ ಎದೆಗೆ ಮುಟ್ಟಿಸಿ ಹೊರಟರು.

ಗೇಟಿನ ಮುಂದಿನ ತಗ್ಗಿನಲ್ಲಿ ಗಾಡಿ ಕುಲುಕಿತು. ತೊಡೆಯ ಕೆಳಗಿನ ತುದಿ ಜಾರಿತು. ಎಡಗಡೆ, ಹಿಂದಿನ ಗಾಲಿಯ ಹತ್ತಿರ, ಅಂಗಡಿಯಲ್ಲಿ ಕುಕ್ಕುರುಗಾಲಲ್ಲಿ ಕೂತು ನಾನು ತೋರಿಸಿದ್ದ ಅದೇ ಜಾಗದಲ್ಲಿ ತೂಗಾಡಿತು. ನಾನು ಅದನ್ನು ಕಂಡೆ.

ಬಾಯಿ ತೆರೆದೆ. ಕರೆದರೆ ಅವರು ನಿಲ್ಲಿಸುತ್ತಾರೆ, ಇಳಿಯುತ್ತಾರೆ, ಒಳಗೆ ಹೋಗಿ ಕೂತು ನೀರು ಕುಡಿಯುತ್ತಾರೆ. ಊರ ಹಿರಿಯರ ಮುಂದೆ ಎಲ್ಲರೂ ನನ್ನನ್ನು ನೋಡಿ ನಗುತ್ತಾರೆ. ಹೇಗೂ ಊರು ದಾಟಿದ ಕೂಡಲೇ ತೆಗೆದುಬಿಡುತ್ತಾರಲ್ಲ. ಇಷ್ಟನ್ನೂ ಯೋಚಿಸಿ ಬಾಯಿ ಮುಚ್ಚಿದೆ.

ಊರು ದಾಟುವ ಮೊದಲೇ, ಹೆದ್ದಾರಿಗೆ ಹತ್ತುವ ತಿರುವಿನಲ್ಲಿ, ಕೆಂಪು ಬಾಳೆಹಣ್ಣು ಮಾರುವವರ ಬುಟ್ಟಿಗಳ ಎದುರಿಗೇ ಗಾಲಿ ಶಾಲನ್ನು ಹಿಡಿಯಿತು. ಕುತ್ತಿಗೆಗೆ ಸುತ್ತಿದ್ದರಿಂದ ಅದು ಅವರನ್ನು ಹಿಂದಕ್ಕೆ ಎಳೆದು ಕೆಡವಿತು. ನಾವು ಓಡಿ ಹೋಗುವಷ್ಟರಲ್ಲಿ ಬಾಳೆಹಣ್ಣಿನ ಹೆಂಗಸೊಬ್ಬಳು ಕೊಯ್ಯುವ ಕತ್ತಿಯಿಂದ ಶಾಲು ಹರಿದು ಅವರನ್ನು ಬಿಡಿಸಿದ್ದಳು. ಹೆಲ್ಮೆಟ್ ಇನ್ನೂ ತಲೆಯ ಮೇಲೆಯೇ ಇತ್ತು. ಅದಕ್ಕೆ ಒಂದು ಬಿರುಕೂ ಬಿಟ್ಟಿರಲಿಲ್ಲ.

ಮೊದಲು ಕಲಬುರಗಿಗೆ, ಅಲ್ಲಿಂದ ಸೊಲ್ಲಾಪುರದ ಆಸ್ಪತ್ರೆಗೆ ಒಯ್ದರು. ತಲೆಗೆ ಏನೂ ಆಗಿರಲಿಲ್ಲ, ಮುರಿದದ್ದು ಕುತ್ತಿಗೆಯ ಎಲುಬು. ಜೀವ ಉಳಿಯಿತು. ಕುತ್ತಿಗೆಯ ಕೆಳಗೆ ಯಾವುದೂ ಉಳಿಯಲಿಲ್ಲ. ಕೋಟೆಯ ಹಿಂದಿನ ಆ ಮನೆಯ ಪಡಸಾಲೆಯಲ್ಲಿ, ಮಂಚದ ಮೇಲೆ, ಅವರು ಆರು ವರ್ಷ ಮಲಗಿದ್ದರು. ವೈನಿಯವರು, ಅಂದರೆ ಅವರ ಹೆಂಡತಿ, ತುತ್ತು ಮಾಡಿ ತಿನ್ನಿಸುತ್ತಿದ್ದರು, ಮಗ್ಗುಲು ಹೊರಳಿಸುತ್ತಿದ್ದರು, ನೊಣ ಕೂತರೆ ಓಡಿಸುತ್ತಿದ್ದರು. ಬೆನ್ನಿನ ಹುಣ್ಣುಗಳ ವಾಸನೆ ಊದಿನಕಡ್ಡಿಗೆ ಬಗ್ಗುತ್ತಿರಲಿಲ್ಲ. ನಾನು ಮೊದಮೊದಲು ವಾರಕ್ಕೊಮ್ಮೆ ಹೋಗುತ್ತಿದ್ದೆ, ಆಮೇಲೆ ತಿಂಗಳಿಗೊಮ್ಮೆ, ಕೊನೆಗೆ ಹಬ್ಬಕ್ಕೊಮ್ಮೆ.

ಎರಡನೆಯ ವರ್ಷವಿರಬೇಕು, ವೈನಿ ಒಳಗಿದ್ದಾಗ ನಾನು ಧೈರ್ಯ ಮಾಡಿದೆ.

“ಸರ, ಅವತ್ತು ಗೇಟಿನ ಹತ್ರ ನಾನು...”

“ಗೊತ್ತದ,” ಎಂದರು, ಮೇಲಿನ ತೊಲೆಯನ್ನು ನೋಡುತ್ತ. “ನೀವು ಕರದ್ರಿ. ನನಗ ಕೇಳಸ್ತು. ನಾನ ಹೊಳ್ಳಿ ನೋಡಲಿಲ್ಲ.”

“ಇಲ್ರೀ. ನಾ ಕರೀಲಿಲ್ಲ.”

“ಕರದ್ರಿ. ‘ಸರ, ಶಾಲು’ ಅಂದ್ರಿ. ಆ ತೂತ್ನಾಗಿಂದ ಸ್ವಚ್ಛ ಕೇಳಸ್ತು. ಅಧ್ಯಕ್ಷರು ನಿಂತಿದ್ರು, ಇಳದ್ರ ಚಲೋ ಕಾಣಲ್ಲಂತ ನಾನ ನಿಲ್ಲಲಿಲ್ಲ. ನಿಮಗ ನೆನಪಿಲ್ಲ ಬಿಡ್ರಿ. ಅಂಥ ಹೊತ್ತಿನ್ಯಾಗ ಯಾರಿಗಿ ನೆನಪಿರ್ತದ?”

ತಪ್ಪು ಲೆಕ್ಕ ಮಾಡಿದ ಹುಡುಗನನ್ನು ಸುಮ್ಮನಾಗಿಸುವ ದನಿ ಅದು. ಆಮೇಲೆ ಪ್ರತಿ ಸಲ ಹೋದಾಗಲೂ ಯಾವುದಾದರೂ ನೆಪದಲ್ಲಿ, ಬಂದವರ ಮುಂದೆಯೂ, ಆ ಮಾತು ತೆಗೆಯುತ್ತಿದ್ದರು: “ಇವ್ರು ಕರದ್ರು. ನಾನ ಕೇಳಲಿಲ್ಲ.”

ಕೇಳುತ್ತ ಕೇಳುತ್ತ ನನಗೂ ನೆನಪು ಬರತೊಡಗಿತು. ‘ಸರ, ಶಾಲು’ ಎಂಬ ನನ್ನದೇ ದನಿ, ಕೂಗಿದಾಗ ಗಂಟಲಿನಲ್ಲಿ ಆದ ಒರಟು, ಪಕ್ಕದಲ್ಲಿದ್ದ ಯಾರೋ ನನ್ನ ಕಡೆ ತಿರುಗಿದ್ದು. ಮೂರು ನಾಲ್ಕು ವರ್ಷ ನಾನು ಕರೆದವನಾಗಿಯೇ ನೆಮ್ಮದಿಯಿಂದ ಬದುಕಿದೆ. ಅಷ್ಟರಲ್ಲಿ ಆ ದಿನದ ಫೋಟೋ ಒಂದು ಶಾಲೆಯ ಬೀರುವಿನಲ್ಲಿ ಸಿಕ್ಕಿತು. ಶಾಲು ಕಡುಗೆಂಪಲ್ಲ, ಕೆನೆಬಣ್ಣದ್ದು. ಬಣ್ಣವನ್ನೇ ನೆನಪಿನಲ್ಲಿ ಸರಿಯಾಗಿ ಇಟ್ಟುಕೊಳ್ಳದವನು ತುದಿಯನ್ನು ಕಂಡದ್ದು ನಿಜವೇ? ಬಾಯಿ ಮುಚ್ಚಿದ್ದು ನಿಜವೇ? ಕೂಗಿದ್ದು ನಿಜವೇ? ಅನುಮಾನ ಪಡುವುದನ್ನು ಓದಿ ಕಲಿತವನು ನಾನು. ಆದರೆ ಅನುಮಾನ ನನಗೆ ಅನುಕೂಲವಾದ ಕಡೆಗೇ ವಾಲುತ್ತಿತ್ತು. ಅದನ್ನು ಕಂಡೂ ಕಾಣದವನಂತಿದ್ದೆ.

ಮಣ್ಣಾದ ಹನ್ನೆರಡನೆಯ ದಿನ ವೈನಿ ಬರಹೇಳಿದರು. ಪಡಸಾಲೆಯಲ್ಲಿ ಮಂಚ ಇರಲಿಲ್ಲ, ಅದರ ನಾಲ್ಕು ಕಾಲಿನ ಗುರುತು ನೆಲದ ಮೇಲೆ ಉಳಿದಿತ್ತು. ಅವರು ಒಳಗಿನಿಂದ ಬಟ್ಟೆಯಲ್ಲಿ ಸುತ್ತಿದ್ದ ಹೆಲ್ಮೆಟ್ ತಂದು ಕೊಟ್ಟರು.

“ನಿಮಗ ಕೊಡಂತ ಹೇಳ್ಯಾರ. ನೀವು ಬರೇ ತಲೀಲೆ ಗಾಡಿ ಹೊಡೀತೀರಂತ ಬೈತಿದ್ರು.”

ಹಳೆಯ ಸ್ಕೂಟರು ಕೊಂಡಿದ್ದೆನೇ ಹೊರತು ಹೆಲ್ಮೆಟ್ ಕೊಂಡಿರಲಿಲ್ಲ, ನಿಜ. ಹೆಲ್ಮೆಟ್ ತಿರುಗಿಸಿ ನೋಡಿದೆ. ಒಳಗಿನ ಬಟ್ಟೆ ಒಂದು ಕಡೆ ಬಿಟ್ಟುಕೊಂಡಿತ್ತು. ಅದರ ಹಿಂದೆ ಕಪ್ಪಗೆ ಏನೋ ಕಂಡಿತು. ಓದುವ ಚಷ್ಮಾ ಹಾಕಿಕೊಂಡು ಬಟ್ಟೆ ಸರಿಸಿದೆ. ಸೈಕಲ್ ಟ್ಯೂಬಿನಿಂದ ದುಂಡಗೆ ಕತ್ತರಿಸಿದ ರಬ್ಬರಿನ ತುಂಡುಗಳು, ಒಂದೊಂದು ತೂತಿಗೂ ಒಂದು, ಪಂಕ್ಚರ್ ಹಚ್ಚಿದ ಹಾಗೆ. ಸಲ್ಯೂಷನ್ ತಾಗಿ ಸುತ್ತಲಿನ ಥರ್ಮಾಕೋಲು ಸ್ವಲ್ಪ ಕರಗಿತ್ತು. ಇನ್ನೊಂದು ಬದಿಯನ್ನೂ ನೋಡಿದೆ. ಅಲ್ಲಿಯೂ ಐದು. ಹೊರಗಿನಿಂದ ನೋಡಿದರೆ ತೂತು ತೂತಾಗಿಯೇ ಕಾಣುತ್ತಿತ್ತು.

“ಇದು ಯಾವಾಗ ಹಚ್ಚಿದ್ರು ವೈನಿ?”

“ಅದಾ? ಬಿದ್ದ ಆ ಸಲ ಥಂಡಿ ಭಾಳ ಇತ್ತಲ್ರೀ. ಗಾಳಿ ಹೊಕ್ಕು ಹೊಕ್ಕು ಕಿವಿ ಸೋರಾಕತ್ತಿತ್ತು. ಸಂಕ್ರಾಂತಿ ಮರುದಿನ ಇಲ್ಲೇ ಕುಂತು ಹಚ್ಚಿದ್ರು. ಥಂಡಿ ಹೋದ ಮ್ಯಾಲ ಕೀಳ್ತೀನಿ, ಅಲ್ಲೀತನ ಮಂದಿ ಶರಣು ಅನ್ನಾದು ಬಾಯಿ ನೋಡಿ ತಿಳಕೋತೀನಿ ಅಂದಿದ್ರು. ಕೀಳಾದು ಆಗಲೇ ಇಲ್ಲ.”

ಚಷ್ಮಾ ತೆಗೆದು ಕಟ್ಟೆಯ ಮೇಲಿಟ್ಟೆ. ಬರುತ್ತೇನೆ ಎಂದು ಎದ್ದೆ. ಸಂಕ್ರಾಂತಿ ಆಗಿ ಹನ್ನೊಂದೋ ಹನ್ನೆರಡೋ ದಿನಕ್ಕೆ ಜನವರಿ ಇಪ್ಪತ್ತಾರು. ಹೊರಗೆ ಬಂದು ಸ್ಕೂಟರ್ ಚಾಲೂ ಮಾಡಿ, ಹೆಲ್ಮೆಟ್ ತೊಟ್ಟೆ. ಓಣಿಯ ಸದ್ದೆಲ್ಲ ಒಮ್ಮೆಗೇ ನಿಂತುಹೋಯಿತು. ನನ್ನ ಉಸಿರು, ಅದರ ಹಿಂದೆ ಎಂಜಿನ್ನಿನ ಗುಡುಗುಡು, ಅಷ್ಟೆ. ಗೇರ್ ಹಾಕಿ ನಾಲ್ಕು ಮನೆ ದಾಟಿದ್ದೆ. ಕನ್ನಡಿಯಲ್ಲಿ ವೈನಿ ಓಡಿ ಬರುತ್ತಿದ್ದುದು ಕಾಣಿಸಿತು. ಬಾಯಿ ತೆರೆಯುತ್ತಿತ್ತು, ಮುಚ್ಚುತ್ತಿತ್ತು. ದನಿ ಇರಲಿಲ್ಲ.

ನಿಲ್ಲಿಸಿ ಹೆಲ್ಮೆಟ್ ತೆಗೆದೆ. ಅವರು ಏದುಸಿರು ಬಿಡುತ್ತ ಚಷ್ಮಾ ಚಾಚಿದರು.

“ಎಷ್ಟ್ ಸಲ ಕರದ್ನಲ್ರೀ, ಕೇಳಲಿಲ್ಲೇನು?”

“ಇಲ್ಲ ವೈನಿ. ಕೇಳಲಿಲ್ಲ.”

ಹಾಗೆಂದ ಮೇಲೆ ಅವರಿಗೆ ತಾವು ಮಾಡಿದ್ದು ಹೊಳೆಯಿತೆಂದು ಕಾಣುತ್ತದೆ. ಸೆರಗು ಬಾಯಿಗೆ ಹಿಡಿದುಕೊಂಡರು.

“ಹೊಂಟವರಿಗಿ ಹಿಂದಿಂದ ಕರದೆ ನೋಡ್ರಿ, ಹುಚ್ಚಿ. ಹಂಗ ಹೋಗಬ್ಯಾಡ್ರಿ. ಒಳಗ ಬಂದು ಒಂದ್ ಗುಟುಕು ನೀರು ಕುಡದು ಹೋಗ್ರಿ.”

ಸ್ಕೂಟರ್ ಬಂದ್ ಮಾಡಿದೆ. ಸ್ಟ್ಯಾಂಡ್ ಹಾಕಿದೆ. ಅವರ ಹಿಂದೆ ಒಳಗೆ ಹೋಗಿ, ಮಂಚದ ಕಾಲಿನ ಗುರುತುಗಳ ನಡುವೆ ಕೂತು, ಕೊಟ್ಟ ನೀರು ಪೂರ್ತಿ ಕುಡಿದು, ಐದು ನಿಮಿಷ ಗೋಡೆ ನೋಡಿದೆ.